ಪದಚರ್ಚೆ: ಜರ್ಮನಿಯ ಯೆಹೂದಿ ವ್ಯಾಪಾರಗಳ ಕಡತಗಳಲ್ಲಿ ‘ಪರಿಹಾರ’ ಮತ್ತು ‘ಮರಳಿಕೆ’

ಪ್ರಶ್ನೆ: ನಾಜಿ ಕಾಲದಲ್ಲಿ ಅಂಗಡಿ ಕಳೆದುಕೊಂಡ ಯೆಹೂದಿ ಕುಟುಂಬಗಳ ಯುದ್ಧಾನಂತರದ ಕಡತಗಳಲ್ಲಿ ‘ರ್ಯುಕ್‌ಎರ್‌ಶ್ಟಾಟುಂಗ್’, ‘ಎಂಟ್‌ಶೇಡಿಗುಂಗ್’ ಎರಡೂ ಬರುತ್ತವೆ. ಎರಡಕ್ಕೂ ‘ಪರಿಹಾರ’ ಎಂದರೆ ಸಾಕೆ? ಯೆಹೂದಿ ವ್ಯಾಪಾರಗಳನ್ನು ಬಲವಂತವಾಗಿ ಯೆಹೂದೇತರರ ಕೈಗೆ ದಾಟಿಸಿದ್ದಕ್ಕೆ ಬಳಸುವ ‘ಆರಿಸೀರುಂಗ್’ಗೆ ‘ಆರ್ಯೀಕರಣ’ ಆದೀತೆ?

ಉತ್ತರ: ಸಾಲದು. ಎರಡರ ಕಾನೂನೂ ಬೇರೆ, ಎದುರುಪಕ್ಷವೂ ಬೇರೆ. ಮೊದಲನೆಯದು ಅದೇ ಅಂಗಡಿಯನ್ನು, ಅದೇ ಕಟ್ಟಡವನ್ನು ಈಗ ಯಾರ ವಶದಲ್ಲಿದೆಯೋ ಅವರಿಂದ ಬಿಡಿಸಿಕೊಳ್ಳುವ ದಾವೆ. ಯುದ್ಧದ ನಂತರ ಜರ್ಮನಿಯಲ್ಲಿ ಅಮೆರಿಕದ ಸೇನೆ ಆಳಿದ ಭಾಗದಲ್ಲಿ, ಅಂದರೆ ಅಮೆರಿಕನ್ ವಲಯದಲ್ಲಿ, ಇದಕ್ಕೆ ಆಧಾರ 1947ರ ನವೆಂಬರ್ 10ರ 59ನೇ ಮಿಲಿಟರಿ ಕಾನೂನು. ಅರ್ಜಿಗೆ ಕೊನೆಯ ದಿನ 1948ರ ಡಿಸೆಂಬರ್ 31. ಇದಕ್ಕೆ ‘ಸ್ವತ್ತು ಮರಳಿಕೆ’ ಸರಿಹೊಂದುತ್ತದೆ. ಎರಡನೆಯದರಲ್ಲಿ ಹಣ ಕೊಡಬೇಕಾದದ್ದು ಸರ್ಕಾರ: ಸೆರೆವಾಸ, ಕೆಟ್ಟ ಆರೋಗ್ಯ, ನಿಂತುಹೋದ ಕಸುಬು ಇತ್ಯಾದಿಗಳಿಗಾಗಿ, ಪಶ್ಚಿಮ ಜರ್ಮನಿಯ 1956ರ ಒಕ್ಕೂಟ ಕಾಯ್ದೆಯಡಿ. ಅದು ‘ನಷ್ಟಪರಿಹಾರ’. ಬರೀ ‘ಪರಿಹಾರ’ ಎಂದರೆ ನಮ್ಮ ಓದುಗರಿಗೆ ನೆರೆ, ಬರದ ಹಣ ನೆನಪಾಗುತ್ತದೆ. ಇಲ್ಲಿ ಕೇಳುತ್ತಿರುವುದು ದಯೆಯನ್ನಲ್ಲ, ಹಕ್ಕನ್ನು.

ಅನುವಾದ ಹೆಚ್ಚಾಗಿ ಎಡವುವುದು ‘ಮಾರಿದರು’ ಎಂಬಲ್ಲಿ. 1933ರ ಜನವರಿ 30ರಿಂದ 1945ರ ಮೇ 8ರವರೆಗೆ ಕಿರುಕುಳಕ್ಕೊಳಗಾದವರು ಮಾಡಿದ ಮಾರಾಟವನ್ನು ಆ 59ನೇ ಕಾನೂನು ಬಲವಂತದ್ದೆಂದೇ ಎಣಿಸುತ್ತಿತ್ತು. ಅಲ್ಲವೆಂದು ಸಾಧಿಸುವ ಹೊಣೆ ಕೊಂಡವರದು. ಬೆಲೆ ನ್ಯಾಯವಾಗಿತ್ತು ಎಂದರಷ್ಟೇ ಸಾಲದು, ಆ ಹಣ ಮಾರಿದವರ ಕೈಗೆ ಸಿಕ್ಕಿ, ಅವರಿಷ್ಟದಂತೆ ಖರ್ಚಾಗುವಂತಿತ್ತು ಎಂದೂ ತೋರಿಸಬೇಕು. 1935ರ ಸೆಪ್ಟೆಂಬರ್ 15ರ, ಅಂದರೆ ಯೆಹೂದಿಗಳ ಪೌರಹಕ್ಕು ಕಸಿದ ನ್ಯೂರೆಂಬರ್ಗ್ ಕಾನೂನುಗಳ ನಂತರದ ಮಾರಾಟಗಳಿಗೆ ಪರೀಕ್ಷೆ ಇನ್ನೂ ಬಿಗಿ.

ಹಾಗಾಗಿ ಕರಾರಿನಲ್ಲಿರುವ ಅಂಕಿಯನ್ನು ‘ಬಂದ ಹಣ’ ಎಂದು ಬರೆಯಲೇಬಾರದು. 1938ರ ಹೊತ್ತಿಗೆ ಅದರಲ್ಲಿ ಬಹುಪಾಲು ತಡೆಹಿಡಿದ ಖಾತೆಗೆ ಹೋಗಿ, ದೇಶ ಬಿಡುವವರ ಮೇಲಿನ ತೆರಿಗೆ, ಯೆಹೂದಿಗಳ ಮೇಲೆ ಹೇರಿದ ದಂಡಕಪ್ಪ ಎಂದು ಕರಗುತ್ತಿತ್ತು. ಗಿರಾಕಿಗಳ ನಂಬಿಕೆಗೆ, ಅಂಗಡಿಯ ಹೆಸರಿಗೆ ಸಾಮಾನ್ಯವಾಗಿ ಬೆಲೆಯನ್ನೇ ಕಟ್ಟುತ್ತಿರಲಿಲ್ಲ. ‘ಕರಾರಿನ ಬೆಲೆ’, ‘ಕೈಸೇರಿದ ಹಣ’ ಎಂದು ಎರಡು ಪದ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕಸಿದುಕೊಂಡದ್ದು ಮಾಮೂಲಿ ವ್ಯಾಪಾರದಂತೆ ಓದಿಸಿಕೊಳ್ಳುತ್ತದೆ.

‘ಆರ್ಯೀಕರಣ’ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕನ್ನಡದಲ್ಲಿ ಅದು ಆರ್ಯ-ದ್ರಾವಿಡ ಚರ್ಚೆಗೆ ಎಳೆಯುತ್ತದೆ. ಮೊದಲ ಸಲ ‘ಯೆಹೂದಿ ವ್ಯಾಪಾರಗಳ ಬಲವಂತದ ಹಸ್ತಾಂತರ’ ಎಂದು ಬಿಡಿಸಿ ಹೇಳಿ, ಮುಂದೆ ‘ಆರಿಸೀರುಂಗ್’ ಎಂದೇ ಬಳಸಿ.

‘ಮರಳಿಕೆ’ ಎಂದೊಡನೆ ಎಲ್ಲವೂ ಮರಳಿತು ಎಂದೂ ಅಲ್ಲ. ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಒಡೆಯ ಸಲ್ಮಾನ್ ಶೋಕನ್‌ಗೆ 1949ರಲ್ಲಿ ತಮ್ಮ ಕಂಪನಿಯ ಪಶ್ಚಿಮ ಜರ್ಮನಿಯ ಭಾಗದಲ್ಲಿ ಶೇ. 51 ಷೇರು ಸಿಕ್ಕಿತು. ಕೆಮ್ನಿಟ್ಸ್, ಟ್ಸ್ವಿಕಾವ್ ಮಳಿಗೆಗಳು ಸೋವಿಯತ್ ವಲಯದಲ್ಲಿದ್ದುದರಿಂದ ಆಗ ಕೈಗೆಟುಕಲಿಲ್ಲ. ಪೂರ್ವ ಜರ್ಮನಿಯಲ್ಲಿದ್ದ ಸ್ವತ್ತುಗಳಿಗೆ 1990ರ ಸ್ವತ್ತು ಕಾಯ್ದೆ ಬರಬೇಕಾಯಿತು. ಆ ಕಡತಗಳಲ್ಲಿ ಪದವೂ ಬದಲಾಗುತ್ತದೆ: ‘ರ್ಯುಕ್‌ಯೂಬರ್‌ಟ್ರಾಗುಂಗ್’. ಇದಕ್ಕೆ ‘ಮರುವರ್ಗಾವಣೆ’ ಬಳಸಿದರೆ ಯಾವ ಕಾನೂನಿನ ಕಡತವೆಂಬುದು ಪದದಲ್ಲೇ ತಿಳಿಯುತ್ತದೆ.