ಸೋದರಮಾವ ಕೊಟ್ಟ ಹಳೇ ಕಂಪ್ಯೂಟರಿಗೆ ಯಾವ ವಿಂಡೋಸ್ ಹಾಕಸಬೇಕ್ರಿ?

ಪ್ರಶ್ನೆ (ಗೃಹಿಣಿ, ಬೆಟಗೇರಿ): ನಮಸ್ಕಾರ್ರಿ ಸರ್. ಪುಣೆದಾಗಿರೋ ನಮ್ಮಣ್ಣ ತನ್ನ ಹಳೇ ಕಂಪ್ಯೂಟರ್ ನನ್ನ ಮಗಳಿಗೆ ಕೊಟ್ಟಾನ. ಎರಡನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಒಳಗ ವಿಂಡೋಸ್ 10 ಐತಿ. ಆನ್ ಮಾಡಿ, ಚಾ ಕುದಿಸಿ ಸೋಸಿಕೊಂಡು ಬಂದ್ರೂ ಇನ್ನೂ ಗುಂಡಗ ತಿರಗತಿರತೈತಿ. ಅಂಗಡಿಯವ್ರೊಬ್ರು 11 ಹಾಕಿ ಕೊಡ್ತೀನಿ ಅಂದ್ರು, ಇನ್ನೊಬ್ರು ಹಳೇದಕ್ಕ 7 ಛಲೋ ಅಂದ್ರು. ಮಗಳು ಬಿ.ಕಾಂ., ಲೆಕ್ಕಪತ್ರ ಬರಿಯೋ ಟ್ಯಾಲಿ ಕಲೀಬೇಕು. ಮನಿಯವ್ರು ನುಡಿ ತಂತ್ರಾಂಶದೊಳಗ ಕನ್ನಡ ಪತ್ರ ಟೈಪ್ ಮಾಡ್ತಾರ. ಕೈಯಾಗ ಭಾಳ ರೊಕ್ಕಿಲ್ರಿ.

ಉತ್ತರ (ಕಂಪ್ಯೂಟರ್ ರಿಪೇರಿ, ಹುಬ್ಬಳ್ಳಿ): ಅಕ್ಕಾರ, ಮದಲ ಆ ಹಾರ್ಡ್ ಡಿಸ್ಕ್ ತಗಸಿ, ತಿರಗೋ ತಟ್ಟಿ ಇಲ್ಲದ ಚುರುಕು ಡಿಸ್ಕ್ ಅಂದ್ರ 256 ಜಿಬಿ ಎಸ್‌ಎಸ್‌ಡಿ ಹಾಕಸ್ರಿ. ಅದ ಕೇಬಲ್‌ಗೇ ಕೂಡತೈತಿ. ಚಾ ಕುದಿಯೂತನಕ ತಿರಗೂದು ಡಿಸ್ಕಿನ ತ್ರಾಸು, ಯಾವ ವಿಂಡೋಸ್ ಹಾಕಿದ್ರೂ ಹೋಗಂಗಿಲ್ಲ. ರೊಕ್ಕ ಉಳಿದ್ರ 4 ಜಿಬಿ ಡಿಡಿಆರ್3 ರ‍್ಯಾಮ್ ಸೆಕೆಂಡ್ ಹ್ಯಾಂಡ್ ಸಿಕ್ರೂ ನಡೀತೈತಿ.

11 ಬ್ಯಾಡ್ರಿ. ಅದಕ್ಕ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದ್ರ ಎಂಟನೇ ಜನರೇಶನ್ ಮ್ಯಾಲಿಂದು ಬೇಕು. ತಪಾಸಣೆ ದಾಟಿಸಿ ಹಾಕಾಕ ಬರತೈತಿ ಖರೆ, ಆದ್ರ ಪ್ರತಿ ವರ್ಷದ ದೊಡ್ಡ ಅಪ್‌ಡೇಟ್ ತಾನಾಗೇ ಬರಂಗಿಲ್ಲ, ಮತ್ತ ಯಾರನ್ನರ ಹಿಡೀಬೇಕು. 7ಕ್ಕ ಅಪ್‌ಡೇಟ್ ನಿಂತಿದ್ದು 2020ರ ಜನವರಿಯೊಳಗ. ಕ್ರೋಮ್ ಸೈತ 109ನೇ ಆವೃತ್ತಿಗೇ ಅದರ ಕೈ ಬಿಟ್ಟೈತಿ. ಅದರಾಗ ಬ್ಯಾಂಕಿನ ಪಾಸ್‌ವರ್ಡ್ ಒತ್ತೂದು ನನಗ ಮನಸ್ಸಿಗೆ ಒಪ್ಪಂಗಿಲ್ಲ.

ಇನ್ನೊಂದು ನೋಡ್ರಿ. ಸೆಟ್ಟಿಂಗ್ಸ್‌ನಾಗ ಸಿಸ್ಟಮ್, ಆಮ್ಯಾಲೆ ಅಬೌಟ್ ತಗೀರಿ. ‘32-ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64-ಬೇಸ್ಡ್ ಪ್ರೊಸೆಸರ್’ ಅಂತ ಒಂದ ಸಾಲಿನಾಗ ಐತೇನು? ಹಂಗಿದ್ರ ಮಷೀನು 64-ಬಿಟ್‌ಂದು, ಹಾಕಿದ್ದು ಮಾತ್ರ 32. ನಾನು ಬಿಚ್ಚಿದ ಎಷ್ಟೋ ಹಳೇ ಡಬ್ಬಿಯೊಳಗ ಹಿಂಗ ಇರತೈತಿ. 32-ಬಿಟ್ ವಿಂಡೋಸಿಗೆ 4 ಜಿಬಿ ರ‍್ಯಾಮ್ ಪೂರಾ ಸಿಗಂಗಿಲ್ಲ, ಹೊಸಾ ರ‍್ಯಾಮ್ ಹಾಕಿದ್ರೂ ದಂಡ.

ಟ್ಯಾಲಿ ವಿಂಡೋಸಿಗಂತ ಮಾಡಿದ್ದು. ಅದಕ್ಕ ಎಸ್‌ಎಸ್‌ಡಿ ಮ್ಯಾಲೆ ಮದಲ ವಿಂಡೋಸ್ 10 64-ಬಿಟ್ ಹೊಸದಾಗಿ ಹಾಕಸ್ರಿ. ನಿಮ್ಮಣ್ಣಾರ 10 ಆಕ್ಟಿವೇಟ್ ಆಗಿದ್ರ ಆ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿರತೈತಿ, ಅದ ಎಡಿಶನ್ ಹಾಕಿದ್ರ ಕೀ ಕೊಳ್ಳೂದು ಬ್ಯಾಡ. ಲೈಸೆನ್ಸ್ ಇಲ್ಲದ ಟ್ಯಾಲಿಯ ಎಜುಕೇಶನಲ್ ಮೋಡ್‌ನಾಗ ತಿಂಗಳ 1, 2ರಂಥ ಕೆಲವೇ ತಾರೀಖಿಗೆ ಎಂಟ್ರಿ ಬರತೈತಿ. ಕಲಿಯಾಕ ಅಷ್ಟು ಸಾಕು. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕ ಮುಗದಾವ. ಹಂಗಾಗಿ ಅದು ಟ್ಯಾಲಿಗೆ ಮಾತ್ರ ಇರಲಿ, ನೆಟ್ ಹಚ್ಚಬ್ಯಾಡ್ರಿ.

ನೆಟ್ಟಿಗೆ ಅದರ ಬಾಜೂಕ ವಿಂಡೋಸಿನಂಥದೇ ಬ್ಯಾರೆ ಆಪರೇಟಿಂಗ್ ಸಿಸ್ಟಮ್ ಹಾಕಸ್ರಿ: ಲಿನಕ್ಸ್ ಮಿಂಟ್ 22, ಅದರ ಹಗುರಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಪುಕ್ಕಟೆ, 2029ರ ಏಪ್ರಿಲ್‌ತನಕ ಅಪ್‌ಡೇಟ್ ಐತಿ. ಪೆನ್‌ಡ್ರೈವಿನಿಂದ ಚಾಲೂ ಮಾಡಿ ಮದಲ ನೋಡ್ರಿ, ವೈಫೈ, ಪ್ರಿಂಟರ್ ಹೊಂದಿದ್ರ ಹಾಕಸ್ರಿ. ಮನಿಯವ್ರಿಗೆ ಹೇಳ್ರಿ, ಮಿಂಟಿನಾಗ ಐಬಸ್ ಎಂ17ಎನ್ ಅನ್ನೋ ಟೈಪಿಂಗ್ ಸಾಧನ ಹಾಕಿಕೊಂಡ್ರ ಕನ್ನಡದ ಕೆಜಿಪಿ ಕೀಲಿಮಣೆ ಸಿಗತೈತಿ. ನುಡಿಯೊಳಗ ಬೆರಳು ಹೆಂಗ ಓಡತಾವೋ ಹಂಗ.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕ, ರಾಣೆಬೆನ್ನೂರು): ಸರ್, ನನ್ನದು ಕೋರ್ 2 ಡ್ಯುಯೋ, 2 ಜಿಬಿ. ಇದಕ್ಕೂ ಮಿಂಟ್ ನಡೀತೈತೇನ್ರಿ?

ಉತ್ತರ: ಕೂಡತೈತಿ ಸರ್, 2 ಜಿಬಿ ಅದರ ಕಡೀ ಮಿತಿ. ಬ್ರೌಸರಿನಾಗ ನಾಕು ಟ್ಯಾಬ್ ತಗದ್ರ ಉಸಿರು ಕಟ್ಟತೈತಿ. ವಿಂಡೋಸ್ 11ರ 24ಎಚ್2 ಆವೃತ್ತಿ ಅಂತೂ ಅದರ ಮ್ಯಾಲೆ ಚಾಲೂನೇ ಆಗಂಗಿಲ್ಲ, ಬೇಕಾದ ಸೂಚನೆಗಳು ಆ ಪ್ರೊಸೆಸರಿನಾಗಿಲ್ಲ. ಪ್ರಶ್ನೆಪತ್ರಿಕೆ ಟೈಪ್ ಮಾಡಾಕ ಇಟ್ಕೊಳ್ರಿ, ರೊಕ್ಕ ಹಾಕಬ್ಯಾಡ್ರಿ.

ಪ್ರಶ್ನೆ (ಬೆಟಗೇರಿ): ಸರ್, ಮತ್ತೊಂದು. ಇವತ್ತು ಆನ್ ಮಾಡಿದ್ರ 2011 ಅಂತ ತೋರಸ್ತು, ಯಾವ ವೆಬ್‌ಸೈಟೂ ತಗೀವಲ್ದು. ವಿಂಡೋಸ್ ಕೆಟ್ಟೈತೇನ್ರಿ?

ಉತ್ತರ: ಇಲ್ರಿ ಅಕ್ಕಾರ, ಮದರ್‌ಬೋರ್ಡ್ ಮ್ಯಾಲಿನ ಸೆಲ್ ಮುಗದೈತಿ. ವೆಬ್‌ಸೈಟಿನ ಸರ್ಟಿಫಿಕೇಟಿಗೆ ವಾಯಿದೆ ಇರತೈತಿ, ಗಡಿಯಾರ 2011 ಅಂದ್ರ ಬ್ರೌಸರ್ ಅದನ್ನ ನಂಬಂಗಿಲ್ಲ. ಪ್ಲಗ್ ಕಿತ್ತು ಬದಿ ತಗದು ನೋಡ್ರಿ, ರೂಪಾಯಿ ಬಿಲ್ಲೆಯಂಗ ಬೆಳ್ಳಗಿರೋ ಸಿಆರ್2032 ಸೆಲ್ಲು. ಗಡಿಯಾರ ರಿಪೇರಿಯವ್ರ ಹತ್ರನೂ ಸಿಗತೈತಿ. ಬದಿ ಹೆಂಗೂ ಬಿಚ್ಚಿರತೀರಿ, ಪ್ರೊಸೆಸರ್ ಫ್ಯಾನಿನ ಧೂಳು ಬ್ರಷ್‌ಲೆ ಝಾಡಿಸ್ರಿ. ರ‍್ಯಾಮ್ ಕಿತ್ತು ಬಂಗಾರಬಣ್ಣದ ಹಲ್ಲಿನ ಮ್ಯಾಲೆ ಪೆನ್ಸಿಲ್ ರಬ್ಬರ್ ಸಾವಕಾಶ ತಿಕ್ರಿ.

ಹಳೇ ಡಿಸ್ಕ್ ಮಾತ್ರ ಅಂಗಡಿಯೊಳಗ ಬಿಡಬ್ಯಾಡ್ರಿ. ನಿಮ್ಮಣ್ಣಾರ ಮನಿ ಫೋಟೋ, ಕಾಗದಪತ್ರ ಅದರಾಗ ಇರಬಹುದು. ಫೋನ್ ಮಾಡಿ ಕೇಳಿ, ಬೇಕಾದ್ದು ಕಾಪಿ ಮಾಡಿ ಅವ್ರಿಗೆ ಕಳಸ್ರಿ.