ಟೂರ್ ಡಿ ಫ್ರಾನ್ಸ್‌ನಲ್ಲಿ 1937ರವರೆಗೆ ಗೇರು ಬದಲಾವಣೆಗೆ ಅವಕಾಶ ಇರಲಿಲ್ಲವೇಕೆ?

ಪ್ರಶ್ನೆ

ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಆರಂಭದ ದಶಕಗಳ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಆ ಕಾಲದ ಛಾಯಾಚಿತ್ರಗಳಲ್ಲಿ ಸವಾರರು ಘಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಕಳಚಿ, ಅದನ್ನು ಮಗ್ಗುಲು ಬದಲಿಸಿ ಮತ್ತೆ ಜೋಡಿಸುತ್ತಿರುವುದು ಕಾಣುತ್ತದೆ. ಹಬ್‌ನ, ಅಂದರೆ ಚಕ್ರದ ನಡುಭಾಗದ, ಒಂದು ಬದಿಗೆ ಸಮತಟ್ಟು ದಾರಿಗಾಗಿ ಕಡಿಮೆ ಹಲ್ಲುಗಳ ಚಕ್ರ, ಇನ್ನೊಂದು ಬದಿಗೆ ಏರುದಾರಿಗಾಗಿ ಹೆಚ್ಚು ಹಲ್ಲುಗಳ ಚಕ್ರ ಇರುತ್ತಿತ್ತಂತೆ. ಅದೇ ಹೊತ್ತಿಗೆ ಫ್ರಾನ್ಸಿನ ಹವ್ಯಾಸಿ ಸವಾರರು ಇಳಿಯದೆಯೇ ಗೇರು ಬದಲಿಸುವ ಸೈಕಲ್‌ಗಳಲ್ಲಿ ಪರ್ವತಗಳನ್ನು ದಾಟುತ್ತಿದ್ದರು. ಗೇರಿದ್ದರೂ ಆಗುಂಬೆ ಘಟ್ಟ ಹತ್ತುವುದು ಎಷ್ಟು ಕಷ್ಟವೆಂದು ಬಲ್ಲ ನನಗೆ, ವಾರಾಂತ್ಯದ ಸವಾರನಿಗೆ ದಕ್ಕಿದ ಸೌಲಭ್ಯವನ್ನು ದೇಶದ ಅತ್ಯುತ್ತಮ ಸ್ಪರ್ಧಿಗಳಿಗೆ ಇಷ್ಟು ವರ್ಷ ನಿರಾಕರಿಸಿದ್ದೇಕೆ ಎಂಬುದು ಅರ್ಥವಾಗುತ್ತಿಲ್ಲ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಇದರ ಮುಖ್ಯ ಕಾರಣ ಆನ್ರಿ ದೆಗ್ರಾಂಜ್ ಎಂಬ ಒಬ್ಬ ವ್ಯಕ್ತಿಯ ನಂಬಿಕೆ. 'ಲೋಟೊ' ಪತ್ರಿಕೆಯ ಸಂಪಾದಕರಾಗಿದ್ದ ಅವರು 1903ರಲ್ಲಿ ಈ ಸ್ಪರ್ಧೆಯನ್ನು ಆರಂಭಿಸಿ, ಮೂರು ದಶಕಗಳಿಗೂ ಹೆಚ್ಚು ಕಾಲ ಅದರ ನಿಯಮಗಳನ್ನು ತಾವೇ ನಿರ್ಧರಿಸಿದರು. ಅವರು ಸ್ವತಃ ಸವಾರರು. 1893ರಲ್ಲಿ ಪ್ಯಾರಿಸ್‌ನ ಬಫೆಲೊ ಟ್ರ್ಯಾಕ್‌ನಲ್ಲಿ ಒಂದು ಗಂಟೆಗೆ 35.325 ಕಿ.ಮೀ. ಕ್ರಮಿಸಿ ದಾಖಲೆ ಮಾಡಿದ್ದರು. ಸ್ಪರ್ಧೆಯಲ್ಲಿ ಗೆಲ್ಲಬೇಕಾದದ್ದು ಸ್ನಾಯುಬಲ ಮತ್ತು ಮನೋಬಲವೇ ಹೊರತು ಯಂತ್ರವಲ್ಲ ಎಂಬುದು ಅವರ ದೃಢ ನಿಲುವಾಗಿತ್ತು. ಗೇರು ಬದಲಿಸುವ ಸಾಧನಗಳು ನಡುವಯಸ್ಸು ದಾಟಿದವರಿಗೆ ತಕ್ಕವು ಎಂದೂ ಅವರು ಬರೆದಿದ್ದರು.

ಈ ನಿಲುವು ಎಲ್ಲಿಯವರೆಗೆ ಹೋಗಿತ್ತು ಎಂಬುದಕ್ಕೆ 1913ರ ಟೂರ್‌ನಲ್ಲಿ ಸವಾರ ಯೂಜೀನ್ ಕ್ರಿಸ್ಟಾಫ್ ಅವರಿಗೆ ಒದಗಿದ ಪಾಡೇ ಸಾಕ್ಷಿ. ಟೂರ್ಮಲೆ ಘಟ್ಟವನ್ನು ಇಳಿಯುವಾಗ ಅವರ ಸೈಕಲ್‌ನ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಮುರಿಯಿತು. ಹೊರಗಿನವರ ನೆರವು ಪಡೆಯುವಂತಿರಲಿಲ್ಲವಾದ್ದರಿಂದ ಅವರು ಸೈಕಲ್ ಹೊತ್ತುಕೊಂಡು ಹತ್ತು ಕಿ.ಮೀ.ಗೂ ಹೆಚ್ಚು ದೂರ ನಡೆದು, ಸೇಂಟ್ ಮರಿ ದ ಕಾಂಪಾನ್ ಎಂಬ ಊರಿನ ಕುಲುಮೆಯಲ್ಲಿ ಗಂಟೆಗಟ್ಟಲೆ ಕಷ್ಟಪಟ್ಟು ತಾವೇ ಅದನ್ನು ಬೆಸೆದರು. ಆ ಹೊತ್ತಿನಲ್ಲಿ ಒಬ್ಬ ಹುಡುಗ ತಿದಿ ಒತ್ತಿದನೆಂಬ ಕಾರಣಕ್ಕೆ ಅಧಿಕಾರಿಗಳು ಸಮಯದ ದಂಡವನ್ನೂ ವಿಧಿಸಿದರು. ತಿದಿ ಒತ್ತಿದ್ದನ್ನೇ ಹೊರಗಿನ ಸಹಾಯವೆಂದು ಎಣಿಸಿದ ವ್ಯವಸ್ಥೆಯು ಗೇರನ್ನು ಒಪ್ಪುವುದು ಕಷ್ಟವೇ ಆಗಿತ್ತು.

1936ರಲ್ಲಿ ಅನಾರೋಗ್ಯದಿಂದ ದೆಗ್ರಾಂಜ್ ಹಿಂದೆ ಸರಿದು, ಝಾಕ್ ಗೊಡೆ ಹೊಣೆ ವಹಿಸಿಕೊಂಡರು. ಮರುವರ್ಷವೇ ಡಿರೇಲರ್‌ಗೆ, ಅಂದರೆ ಸವಾರ ಇಳಿಯದೆಯೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ, ಅನುಮತಿ ದೊರೆಯಿತು. ಆ ವರ್ಷ ರೊಜೆ ಲಾಪೆಬಿ ಗೆದ್ದರು.

ಎರಡನೆಯ ಉತ್ತರ

ಮೇಲಿನ ವಿವರಣೆ ಸರಿಯಾಗಿಯೇ ಇದೆ. ಆದರೆ ಎಲ್ಲವನ್ನೂ ಒಬ್ಬರ ಹಟವೆಂದು ನೋಡಿದರೆ ದೆಗ್ರಾಂಜ್ ಅವರಿಗೆ ಅನ್ಯಾಯವಾಗುತ್ತದೆಂದು ನನಗೆ ಅನ್ನಿಸುತ್ತದೆ. ಅಂದಿನ ಸೈಕಲ್ ತಯಾರಕರು ಶ್ರೀಮಂತರೂ ಪ್ರಭಾವಿಗಳೂ ಆಗಿದ್ದರು. ಉತ್ತಮ ಯಂತ್ರ ಕೊಡಬಲ್ಲ ಕಂಪನಿಯ ತಂಡವೇ ಗೆಲ್ಲುವಂತಾದರೆ ಸ್ಪರ್ಧೆಗೆ ಬೆಲೆ ಉಳಿಯುವುದಿಲ್ಲ ಎಂಬ ದೆಗ್ರಾಂಜ್ ಅವರ ಆತಂಕಕ್ಕೆ ಆಧಾರವಿತ್ತು. ಈ ಕಾರಣಕ್ಕೇ 1930ರಲ್ಲಿ ಅವರು ಕಂಪನಿ ತಂಡಗಳನ್ನು ಕೈಬಿಟ್ಟು ರಾಷ್ಟ್ರೀಯ ತಂಡಗಳನ್ನು ತಂದರು ಮತ್ತು ಎಲ್ಲ ಸವಾರರಿಗೂ ಒಂದೇ ಬಗೆಯ ಹಳದಿ ಸೈಕಲ್‌ಗಳನ್ನು ಕೊಡಿಸಿದರು. ಅಲ್ಲದೆ ಆಗಿನ ರಸ್ತೆಗಳ ಕೆಸರು ಮತ್ತು ಧೂಳಿನಲ್ಲಿ ಸಣ್ಣ ಸ್ಪ್ರಿಂಗು, ಸಣ್ಣ ಗಾಲಿಗಳಿದ್ದ ಸಾಧನ ಕೈಕೊಡುವ ಭಯವೂ ಇತ್ತು. ಸರಳ ಯಂತ್ರಕ್ಕೆ ಅಂಟಿಕೊಂಡ ಸವಾರರೂ ಕಡಿಮೆಯಿರಲಿಲ್ಲ.

ಮೂರನೆಯ ಉತ್ತರ

ಪ್ರಶ್ನೆಯ ಇನ್ನೊಂದು ಅರ್ಧ, ಅಂದರೆ ಹವ್ಯಾಸಿಗಳ ಕಥೆ, ಇನ್ನೂ ಉಳಿದಿದೆ. ನನಗೆ ಹೆಚ್ಚು ಪ್ರಿಯವಾದದ್ದು ಅದೇ. ಸೇಂತ್ ಎತಿಯೆನ್ ನಗರದ ಪೌಲ್ ದ ವಿವಿ ರೇಷ್ಮೆ ವ್ಯಾಪಾರವನ್ನು ಬಿಟ್ಟು, 1887ರಲ್ಲಿ ಸೈಕಲ್ ಸವಾರರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿ, 'ವೆಲೊಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಅವರ ಊರಿನ ಸುತ್ತ ಬೆಟ್ಟಗಳೇ ಇದ್ದುದರಿಂದ ಏರಿಗೊಂದು, ಇಳಿಜಾರಿಗೊಂದು ಗೇರು ಬೇಕೆಂಬುದು ಅವರಿಗೆ ದಿನನಿತ್ಯದ ಅನುಭವವಾಗಿತ್ತು. ಮೊದಲು ಚೈನನ್ನು ಕೈಯಿಂದಲೇ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಬದಲಿಸಿ, ಆಮೇಲೆ ಬಗೆಬಗೆಯ ಸಾಧನಗಳನ್ನು ಪರೀಕ್ಷಿಸಿ, ಫಲಿತಾಂಶಗಳನ್ನು ತಪ್ಪದೆ ಪ್ರಕಟಿಸಿದರು. ಅವರಿಗೆ ಸವಾರಿಯೆಂದರೆ ಇನ್ನೊಬ್ಬರನ್ನು ಸೋಲಿಸುವುದಲ್ಲ, ದೂರದ ಊರನ್ನು ಸುಸ್ತಾಗದೆ ಸೇರಿ, ದಾರಿಯನ್ನು ಕಣ್ತುಂಬ ನೋಡುವುದು.

ಈ ಹವ್ಯಾಸಿ ಪರಂಪರೆಗೆ ಸ್ಪರ್ಧೆಯೊಂದು ಬಂದು ಸೇರಿದ ಬಗೆಯೂ ಗಮನಾರ್ಹ. ಸುಮಾರು 1,200 ಕಿ.ಮೀ. ದೂರದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 1891ರಲ್ಲಿ ಆರಂಭವಾದದ್ದು ಸ್ಪರ್ಧೆಯಾಗಿಯೇ. ಅಂದು ಶಾರ್ಲ್ ತೆರೋಂ ಮೂರು ಹಗಲು, ಮೂರು ರಾತ್ರಿಯೊಳಗೆ ಗೆದ್ದರು. 1931ರಲ್ಲಿ ಹವ್ಯಾಸಿಗಳಿಗೂ ಅವಕಾಶ ದೊರೆತು, ಕ್ರಮೇಣ ಅದು ಪೂರ್ತಿಯಾಗಿ ಅವರದೇ ಆಯಿತು. ಇಂದು 90 ಗಂಟೆಯೊಳಗೆ ಮುಗಿಸಿದವರೆಲ್ಲರೂ ಯಶಸ್ವಿಗಳೇ. ಬೆಂಗಳೂರಿನ ಸವಾರರು 200, 300, 400, 600 ಕಿ.ಮೀ.ಗಳ ಬ್ರೆವೆಗಳನ್ನು, ಅಂದರೆ ನಿಗದಿತ ಸಮಯದೊಳಗಿನ ದೂರದ ಸವಾರಿಗಳನ್ನು, ಮುಗಿಸಿ ಅದಕ್ಕೆ ಅರ್ಹತೆ ಪಡೆಯುವುದೂ ಇದೇ ಪರಂಪರೆಯ ಮುಂದುವರಿಕೆ.

ಇನ್ನೊಂದು ಸಂಗತಿ ನೆನಪಿಗೆ ಬರುತ್ತದೆ. 1903ರ ಮೊದಲ ಟೂರ್‌ನ ಎರಡನೆಯ ಹಂತ ಲಿಯೋಂದಿಂದ ಮಾರ್ಸೇಗೆ ಹೋಗುವಾಗ ದಾಟಿದ ರಿಪಬ್ಲಿಕ್ ಘಟ್ಟ ಸೇಂತ್ ಎತಿಯೆನ್ ಪಕ್ಕದಲ್ಲಿಯೇ ಇದೆ. ಸ್ಪರ್ಧಿಗಳು ಒಂದೇ ಗೇರಿನಲ್ಲಿ ಹತ್ತಿದ ಆ ಏರನ್ನು ವೆಲೊಸಿಯೊ ತಮ್ಮ ಗೇರಿನ ಸೈಕಲ್‌ಗಳಲ್ಲಿ ಎಷ್ಟೋ ಸಲ ಹತ್ತಿದ್ದರು. ಅವರ ಸ್ಮಾರಕ ಇರುವುದೂ ಅಲ್ಲಿಯೇ.