ತಮ್ಮ ಸೇರಿದ ಧ್ಯಾನ ಬಳಗ: ಬರೀ ವಿಚಿತ್ರವೋ, ಅಪಾಯವೋ?

ಉಡುಪಿಯಿಂದ ಒಬ್ಬ ಅಕ್ಕ ಕೇಳಿದ್ದು

ತಮ್ಮನಿಗೆ ಇಪ್ಪತ್ತೇಳು, ಮಣಿಪಾಲದಲ್ಲಿ ಕೆಲಸ. ಈಚೆಗೆ ಹುಟ್ಟಿಕೊಂಡ ಒಂದು ಧ್ಯಾನ ಬಳಗ ಸೇರಿದ್ದಾನೆ. ರಾತ್ರಿ ಹನ್ನೊಂದರವರೆಗೆ ಸತ್ಸಂಗ, ಬೆಳಿಗ್ಗೆ ಮೂರಕ್ಕೆ ಎದ್ದು ಕೆರೆ ಸ್ನಾನ. ಬಿಳಿ ಬಟ್ಟೆ, ಹೊಸ ಹೆಸರು, ಮೀನು ಬಿಟ್ಟದ್ದು, "ಯುಗ ಬದಲಾಗ್ತದೆ" ಎಂಬ ಮಾತು. ಅವನಿಗೆ ಫಿಟ್ಸ್‌ನ ಮಾತ್ರೆ ಉಂಟು, "ಸಾಧನೆ ಬಲಿತರೆ ಅದು ಬೇಡ" ಅಂತ ಅಲ್ಲಿ ಯಾರೋ ಹೇಳಿದ್ದಾರಂತೆ. ಈಗ ಪಡುಬಿದ್ರಿ ಜಾಗದ ತನ್ನ ಪಾಲನ್ನು ಬಳಗಕ್ಕೆ ಬರೆದುಕೊಡ್ತೇನೆ ಅನ್ನುತ್ತಾನೆ. ಹೆದರಬೇಕಾ? ತಿಳಿದವರು ಹೇಳಿ.

ಮಂಗಳೂರು, ಹೊಸ ಪಂಥಗಳ ಚರಿತ್ರೆ ಓದಿದವರು

ನೀವು ಹೇಳಿದ್ದನ್ನು ಮೊದಲು ಎರಡು ಪಾಲು ಮಾಡಿ. ಬಿಳಿ ಬಟ್ಟೆ, ಹೆಸರು, ಮೀನು, ಯುಗದ ಮಾತು ಒಂದು ಕಡೆ ಇರಲಿ. ದೈವ ಮೈಮೇಲೆ ಬರುವ ದರ್ಶನ ನೋಡಿ ಬೆಳೆದ ಊರು ನಮ್ಮದು. ಹೊರಗಿನವರಿಗೆ ವಿಚಿತ್ರ ಕಂಡದ್ದೆಲ್ಲ ಕೆಟ್ಟದ್ದಲ್ಲ ಅಂತ ನಮಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಚಿಂತೆ ಮಾಡಬೇಕಾದ್ದು ನಿದ್ದೆ, ಮಾತ್ರೆ, ಜಾಗ, ಈ ಮೂರರದ್ದು.

ಜಪಾನಿನ ಓಂ ಶಿನ್ರಿಕ್ಯೋ ಪಂಥ 1984ರಲ್ಲಿ ಟೋಕಿಯೋದ ಒಂದು ಯೋಗ ತರಗತಿಯಾಗಿ ಶುರುವಾಯಿತು. 1995ರ ಮಾರ್ಚ್ 20ರಂದು ಅದರ ಜನ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಬಿಟ್ಟರು. ತಲೆಗೆ ತಂತಿಯ ಟೊಪ್ಪಿ ಹಾಕಿ ಧ್ಯಾನಕ್ಕೆ ಕೂರುತ್ತಿದ್ದದ್ದು ಎಲ್ಲರ ಕಣ್ಣಿಗೂ ಬಿತ್ತು. ಸುಳಿವು ಇದ್ದದ್ದು ಅಲ್ಲಲ್ಲ. ಸನ್ಯಾಸ ತೆಗೆದುಕೊಂಡವರು ಆಸ್ತಿಯನ್ನೆಲ್ಲ ಪಂಥಕ್ಕೆ ಕೊಟ್ಟು ಮನೆಯವರ ನಂಟು ಬಿಡಬೇಕಿತ್ತು. ಆ ಮನೆಯವರ ಪರ ನಿಂತ ವಕೀಲ ಸಕಾಮೊಟೊ ತ್ಸುತ್ಸುಮಿಯನ್ನು ಹೆಂಡತಿ, ಮಗುವಿನ ಸಮೇತ 1989ರ ನವೆಂಬರ್‌ನಲ್ಲೇ ಕೊಂದಿದ್ದರು.

ಅಮೆರಿಕದ ಒರೆಗಾನ್‌ನಲ್ಲಿದ್ದ ರಜನೀಶರ ಆಶ್ರಮದ್ದೂ ಹಾಗೆಯೇ. ಪತ್ರಿಕೆಗಳಿಗೆ ಕಂಡದ್ದು ಕೆಂಪು ಬಟ್ಟೆ, ರೋಲ್ಸ್ ರಾಯ್ಸ್ ಕಾರುಗಳ ಸಾಲು. 1984ರಲ್ಲಿ ಕೌಂಟಿಯ (ಅಲ್ಲಿನ ಜಿಲ್ಲೆಯ) ಚುನಾವಣೆ ಗೆಲ್ಲಲಿಕ್ಕೆಂದು ಹೋಟೆಲುಗಳ ಸಲಾಡಿಗೆ ಸಾಲ್ಮೊನೆಲ್ಲಾ ರೋಗಾಣು ಬೆರೆಸಿ 751 ಜನರನ್ನು ಕಾಯಿಲೆ ಬೀಳಿಸಿದ್ದು ಮೇಲಿನ ಕೆಲವೇ ಜನರ ಗುಟ್ಟು. ಅಲ್ಲಿ ಹೊಲದಲ್ಲಿ ದುಡಿಯುತ್ತಿದ್ದ ಸಾಮಾನ್ಯ ಸನ್ಯಾಸಿಗಳಿಗೆ ಗೊತ್ತೇ ಇರಲಿಲ್ಲ. ಹಾಗಾಗಿ "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಅಂತ ತಮ್ಮ ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಪುರಾವೆಯೂ ಅಲ್ಲ.

ಕುಂದಾಪುರ, ನರ್ಸ್

ಉಳಿದದ್ದೆಲ್ಲ ನಿಧಾನಕ್ಕೆ ನೋಡುವಾ. ಮಾತ್ರೆಯ ವಿಷಯ ಇವತ್ತೇ ಆಗಬೇಕು.

ಫಿಟ್ಸ್ ಇರುವವರಿಗೆ ಅದನ್ನು ಮತ್ತೆ ತರಿಸುವ ದೊಡ್ಡ ಕಾರಣ ಎರಡು: ಮಾತ್ರೆ ತಪ್ಪುವುದು, ನಿದ್ದೆ ಕೆಡುವುದು. ಹನ್ನೊಂದರಿಂದ ಮೂರು ಅಂದರೆ ನಾಲ್ಕು ಗಂಟೆ ನಿದ್ದೆ ಕೂಡ ಇಲ್ಲ. ಉಪವಾಸವೂ ಸೇರಿದರೆ ಇನ್ನೂ ಕಷ್ಟ. ಮಾತ್ರೆ ಥಟ್ಟನೆ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಪ್ರಜ್ಞೆಯೇ ಮರಳದ ಸ್ಥಿತಿ ಬರಬಹುದು, ಜೀವಕ್ಕೇ ಸಂಚಕಾರ. ಕಡಿಮೆ ಮಾಡಬೇಕಾದರೂ ಡಾಕ್ಟರು ತಿಂಗಳುಗಟ್ಟಲೆ ಹಂತ ಹಂತವಾಗಿ ಇಳಿಸುತ್ತಾರೆ.

"ಮಾತ್ರೆ ತಗೊಳ್ತಿದ್ದೀಯಾ" ಅಂತ ಕೇಳಿದರೆ ಹೌದು ಅಂತಲೇ ಹೇಳುತ್ತಾನೆ. ಸ್ಟ್ರಿಪ್ ನೋಡಿ. ಅಂಗಡಿ ಬಿಲ್ಲಿನ ತಾರೀಕು, ದಿನಕ್ಕೆ ಎಷ್ಟು, ಒಡೆದ ಗುಳ್ಳೆ ಎಷ್ಟು: ಎರಡು ನಿಮಿಷದ ಲೆಕ್ಕ. ಹತ್ತರ ಸ್ಟ್ರಿಪ್ ದಿನಕ್ಕೆ ಎರಡರಂತೆ ಐದೇ ದಿನಕ್ಕೆ ಮುಗಿಯಬೇಕು. ಹದಿನೈದು ದಿನವಾದರೂ ಅರ್ಧ ಉಳಿದಿದ್ದರೆ ಗೊತ್ತಾಯಿತಲ್ಲ.

ಕೆರೆ ಸ್ನಾನ ಒಬ್ಬನೇ ಬೇಡವೇ ಬೇಡ. ನೀರಲ್ಲಿ ಫಿಟ್ಸ್ ಬಂದರೆ ಕೂಗಲಿಕ್ಕೂ ಆಗುವುದಿಲ್ಲ. ಮೂರು ಗಂಟೆಗೆ ಎದ್ದ ಕಣ್ಣಲ್ಲಿ ಹೆದ್ದಾರಿಯಲ್ಲಿ ಬೈಕ್ ಓಡಿಸುವುದೂ ಬೇಡ. ಬಳಗದವರಿಗೂ ಇಷ್ಟು ಹೇಳಿಡಿ: ಬಿದ್ದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಟ್ಟು ಪ್ರಯೋಜನ ಇಲ್ಲ, ಐದು ನಿಮಿಷ ದಾಟಿದರೆ 108. ಇದನ್ನು ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ನೋಡಿ. ಒಳ್ಳೆಯ ಬಳಗವಾದರೆ "ಅವನಿಗೆ ಮೂರು ಗಂಟೆ ಬೇಡ, ಆರಕ್ಕೆ ಬರಲಿ" ಅಂತ ಅವರೇ ಹೇಳುತ್ತಾರೆ. "ನಿಮಗೆ ಶ್ರದ್ಧೆ ಇಲ್ಲ" ಅಂದರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಬಲ್ಮಠ, ವಕೀಲೆ

ಜಾಗದ ಮೂಲ ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಕ್ಕಳಕಟ್ಟಿನ (ತಂದೆಯಿಂದ ಮಕ್ಕಳಿಗೆ ಆಸ್ತಿ ಬರುವ) ಕುಟುಂಬದ, ಇನ್ನೂ ಪಾಲಾಗದ ಪಿತ್ರಾರ್ಜಿತವಾದರೆ ಅವನೊಬ್ಬನೇ ತನ್ನ ಅಂಶವನ್ನು ದಾನ ಕೊಡಲಿಕ್ಕೆ ಬರುವುದಿಲ್ಲ, ಉಳಿದ ಪಾಲುದಾರರ ಒಪ್ಪಿಗೆ ಬೇಕು. ತಂದೆಯ ಸ್ವಯಾರ್ಜಿತದಿಂದ ಬಂದ ಪಾಲಾದರೆ ಅದು ಅವನದ್ದೇ, ಕೊಡಬಹುದು. ಅಳಿಯಕಟ್ಟಿನ (ತಾಯಿಯ ಕಡೆಯಿಂದ ಇಳಿದು ಬರುವ) ಆಸ್ತಿಯಾದರೆ ಪಾಲುಪಟ್ಟಿ, ಆರ್‌ಟಿಸಿ ಹಿಡಿದುಕೊಂಡು ಸ್ಥಳೀಯ ವಕೀಲರನ್ನೇ ನೋಡಿ.

ದಾನಪತ್ರ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿ ಬೇಕು. ಬಿಳಿ ಕಾಗದದ ಸಹಿಯಿಂದ ಜಾಗ ಹೋಗುವುದಿಲ್ಲ. ಜನ ಎಡವುವುದು ಜಿಪಿಎಯಲ್ಲಿ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲಿಕ್ಕೆ ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರದಲ್ಲಿ. "ಓಡಾಟಕ್ಕೆ ಮಾತ್ರ" ಅಂತ ಹೇಳಿ ಮಾರುವ ಅಧಿಕಾರವನ್ನೂ ಅದರಲ್ಲೇ ಸೇರಿಸಿರುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆಗಾಗ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು ನೋಡುತ್ತಿರಿ.

ಬರೆದುಕೊಟ್ಟ ಮೇಲೂ ದಾರಿ ಮುಚ್ಚುವುದಿಲ್ಲ. ಕರಾರು ಕಾಯ್ದೆಯ 16ನೇ ಕಲಮಿನ ಅನುಚಿತ ಪ್ರಭಾವ ಗುರು–ಶಿಷ್ಯ ಸಂಬಂಧಕ್ಕೂ ಅನ್ವಯಿಸುತ್ತದೆ. ಶಿಷ್ಯ ಗುರುವಿಗೆ ಬರೆದುಕೊಟ್ಟ ದಾನವನ್ನು ಅಲಹಾಬಾದ್ ಹೈಕೋರ್ಟ್ 1890ರಷ್ಟು ಹಿಂದೆಯೇ ರದ್ದು ಮಾಡಿದೆ. ಆದರೆ ದಾವೆ ಹಾಕಬೇಕಾದ್ದು ತಮ್ಮನೇ, ವಿಷಯ ಗೊತ್ತಾದ 3 ವರ್ಷದೊಳಗೆ. ಅವನು ಒಳಗೇ ಇದ್ದು "ನಾನು ಮನಸಾರೆ ಕೊಟ್ಟೆ" ಅಂದರೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆಳನ್ನು ಕೋರ್ಟಿನ ಮುಂದೆ ತರಿಸಲಿಕ್ಕೆ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿಗೂ ಇದೇ ಮಿತಿ. ಪ್ರಾಯಕ್ಕೆ ಬಂದವರು ಸ್ವಂತ ಇಚ್ಛೆಯಿಂದ ಇದ್ದೇವೆ ಅಂದರೆ ಕೋರ್ಟು ಅಲ್ಲಿಗೆ ಬಿಡುತ್ತದೆ. 2024ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ಒಂದು ಆಶ್ರಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೇ ಮಾಡಿತು.

ಕಾರ್ಕಳ, ಲೆಕ್ಕಪತ್ರದವರು

ಅವರ ಕ್ಯೂಆರ್ ಕೋಡಿಗೆ ಒಂದು ರೂಪಾಯಿ ಹಾಕಲಿಕ್ಕೆ ಹೋಗಿ ನೋಡಿ. ಪರದೆ ಮೇಲೆ ಟ್ರಸ್ಟಿನ ಹೆಸರು ಬರುತ್ತದಾ, ಯಾರದೋ ಸ್ವಂತ ಹೆಸರಾ? ಸ್ವಂತ ಹೆಸರಾದರೆ ಅಲ್ಲಿಗೇ ನಿಲ್ಲಿಸಿ. 80ಜಿ (ದಾನಕ್ಕೆ ತೆರಿಗೆ ವಿನಾಯಿತಿ) ಉಂಟು ಅನ್ನುವವರು ರಶೀದಿಯಲ್ಲಿ ಪ್ಯಾನ್, ನೋಂದಣಿ ಸಂಖ್ಯೆ ಹಾಕಬೇಕು, ವರ್ಷ ಮುಗಿದ ಮೇಲೆ ದಾನದ ಪ್ರಮಾಣಪತ್ರ ಕೊಡಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ವಿನಾಯಿತಿಯೇ ಇಲ್ಲ. "ಸೇವಾ ನಿಧಿ ಇಡಿ, ಬಡ್ಡಿ ಕೊಡ್ತೇವೆ" ಅಂದರೆ ಅದು ದಾನವಲ್ಲ, ಠೇವಣಿ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾಯ್ದೆ ನಿಷೇಧಿಸಿದೆ. ಚಿನ್ನ ಅಡವಿಟ್ಟು ಕೊಡಲಿಕ್ಕೆ ಹೇಳುವವರ ಬಗ್ಗೆ ನನಗೆ ಎರಡನೇ ಮಾತಿಲ್ಲ.

ಮಣಿಪಾಲ, ಆಪ್ತಸಮಾಲೋಚಕಿ

ಗುರುವನ್ನು ಬೈಯಬೇಡಿ ಅಕ್ಕ. ಬೈದರೆ ತಮ್ಮ ಅವರ ಪರ ವಕಾಲತ್ತು ಹಿಡಿಯುತ್ತಾನೆ. "ಮನೆಯವರು ವಿರೋಧಿಸುತ್ತಾರೆ" ಅಂತ ಅಲ್ಲಿ ಮೊದಲೇ ಹೇಳಿಟ್ಟಿದ್ದರೆ ಆ ಮಾತು ನಿಮ್ಮಿಂದಲೇ ನಿಜವಾಗುತ್ತದೆ. ಎತ್ತಿಕೊಂಡು ಬಂದು ಕೂಡಿಹಾಕುವ ಯೋಚನೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಅಪರಾಧ, ಮೇಲಾಗಿ ಅವನು ಮತ್ತೆ ನಿಮ್ಮನ್ನು ನಂಬುವುದಿಲ್ಲ.

ಹೆಚ್ಚಿನವರು ತಾವಾಗಿಯೇ ಹೊರಬರುತ್ತಾರೆ. ಐಲೀನ್ ಬಾರ್ಕರ್ ಎಂಬ ಸಮಾಜಶಾಸ್ತ್ರಜ್ಞೆ 1979ರಲ್ಲಿ ಕೊರಿಯಾ ಮೂಲದ ಮೂನ್ ಪಂಥದ ಲಂಡನ್ ಸುತ್ತಿನ ಶಿಬಿರಗಳಿಗೆ ಹೋದ ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದಾಗ ಸುಮಾರು 90 ಶೇಕಡಾ ಸೇರಲೇ ಇಲ್ಲ, ಸೇರಿದವರಲ್ಲೂ ಬಹುಪಾಲು ಎರಡು ವರ್ಷದೊಳಗೆ ಬಿಟ್ಟರು. ಮನೆ ಬಾಗಿಲು ತೆರೆದಿದ್ದರೆ ಬಿಟ್ಟು ಬರುವುದು ಸುಲಭ.

ಕೇಳಬೇಕಾದ್ದು ಹೀಗೆ, ಒಂದು ಸಲಕ್ಕೆ ಒಂದು, ಉತ್ತರಕ್ಕೆ ಎದುರು ವಾದ ಇಲ್ಲದೆ: "ಗುರುಗಳು ಹೇಳಿದ್ದರಲ್ಲಿ ನಿನಗೆ ಒಪ್ಪಿಗೆಯಾಗದ್ದು ಏನಾದರೂ ಉಂಟಾ?" "ಬಿಟ್ಟು ಹೋದವರ ಬಗ್ಗೆ ಅಲ್ಲಿ ಎಂತ ಹೇಳ್ತಾರೆ?" ಬಿಟ್ಟವರನ್ನು ಪಾಪಿ, ಶಾಪಗ್ರಸ್ತ ಅನ್ನುವ ಕಡೆ ಅವನಿಗೂ ಒಳಗೆ ಹೆದರಿಕೆ ಕೂತಿರುತ್ತದೆ.

ಮನೆಯ ದೈವದ ನೇಮಕ್ಕೆ ಮೂರು ದಿನ ಬಂದಿರು ಅನ್ನಿ. ಸಂತೋಷದಿಂದ ಕಳಿಸಿದರೆ ಒಳ್ಳೆಯದು. ಅದಕ್ಕೆ ಅವನು ಅಲ್ಲಿ ಕ್ಷಮೆ ಕೇಳಬೇಕಾಗಿ ಬಂದರೆ, ದಿನಕ್ಕೆ ನಾಲ್ಕು ಸಲ ಫೋನ್ ಬಂದರೆ, ಬಿಗಿ ಎಷ್ಟು ಅಂತ ನಿಮಗೇ ಕಾಣುತ್ತದೆ.

ಎರಡು ಮೂರು ಗಂಟೆ ಮಾತ್ರ ಮಲಗಿಯೂ ದಣಿಯದೆ, ಮಾತು ವೇಗವಾಗಿ, ತನಗೇ ದೊಡ್ಡ ಕಾರ್ಯ ಬಂದಿದೆ ಅನ್ನಲಿಕ್ಕೆ ಶುರು ಮಾಡಿದರೆ ಕಾಯಬೇಡಿ. ಬಳಗ ಅದನ್ನು ಸಿದ್ಧಿ ಅಂತ ಹೊಗಳಬಹುದು. ಅದು ಮನೋವೈದ್ಯರು ಕೂಡಲೇ ನೋಡಬೇಕಾದ ಸ್ಥಿತಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡಬಹುದು.